ತಿರುಗಿ ನೋಡುವ ಹುಡುಗಿ

ಕಂಪ್ಯೂಟರಿನ ಪರದೆಯ ಮೇಲೆ ಬಾಣ ತಾನಾಗಿಯೇ ಓಡಾಡುವುದನ್ನು ಕಂಡಾಗ ಶಾಲೆಯ ಹೊಸ ಕಂಪ್ಯೂಟರ್ ಮೇಷ್ಟ್ರಿಗೆ ಹೊಳೆದದ್ದು ಒಂದೇ: ಮೌಸಿಗೆ ಧೂಳು ಹಿಡಿದಿದೆ. ಮೊದಲ ಸಂಬಳ ಇನ್ನೂ ಕೈಗೆ ಬಂದಿರಲಿಲ್ಲ, ಹುರುಪಿಗೇನೂ ಬರವಿರಲಿಲ್ಲ. ಅಂಗಿಯ ತೋಳು ಮಡಚಿ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಲ್ಯಾಬಿನ ಅಷ್ಟೂ ಮೌಸುಗಳ ಹೊಟ್ಟೆ ಒರೆಸಿದರು. ಕೋಣೆಯೆಲ್ಲ ಆಸ್ಪತ್ರೆಯ ವಾಸನೆ.

"ಆಯ್ತಾ ಮೇಷ್ಟ್ರೇ, ಸ್ನಾನ ಮಾಡ್ಸಿದ್ದು?" ಎಂದವರು ಲ್ಯಾಬ್ ನೋಡಿಕೊಳ್ಳುವ ಅಕ್ಕ. ಮಕ್ಕಳಿಗೂ ಮೇಷ್ಟ್ರುಗಳಿಗೂ ಅವರು ಅಕ್ಕನೇ. ಗಂಡ ಹೋದ ಮೇಲೆ ಅತ್ತೆಯನ್ನೂ ಮಗನನ್ನೂ ಈ ಕೆಲಸದಲ್ಲೇ ಸಾಕುತ್ತಿದ್ದವರು. ವರ್ಷಕ್ಕೊಮ್ಮೆ ಶಾಲೆಯ ಮ್ಯಾನೇಜರ್ ಸಹಿ ಹಾಕಿದರೆ ಮಾತ್ರ ಮುಂದಿನ ವರ್ಷದ ಅನ್ನ. ಕೋಪ ಬಂದರೆ ಕನ್ನಡಕವನ್ನು ತಲೆಗೇರಿಸುತ್ತಿದ್ದರು.

ಮರುದಿನ ಬಾಣ ಮತ್ತೆ ಹೊರಟಿತು. ಹಾಸ್ಟೆಲಿನ ಹುಡುಗಿಯೊಬ್ಬಳು ಚಿಕ್ಕಮ್ಮನಿಗೆ ಪತ್ರ ಟೈಪ್ ಮಾಡುತ್ತಿದ್ದಳು: ಇಲ್ಲಿ ಇರೋಕಾಗ್ತಿಲ್ಲ, ಬಂದು ಕರ್ಕೊಂಡು ಹೋಗು. ಬಾಣ ಸಾಲಿನಿಂದ ಸಾಲಿಗೆ ನಿಧಾನವಾಗಿ ಇಳಿಯಿತು, ಓದುವವರ ಬೆರಳಿನ ಹಾಗೆ. ಸಂಜೆ ವಾರ್ಡನ್ ಆ ಸಾಲುಗಳನ್ನು ಅವಳೆದುರು ಚಾಚೂ ತಪ್ಪದೆ ಒಪ್ಪಿಸಿದರಂತೆ.

"ಧೂಳಲ್ಲ ಮೇಷ್ಟ್ರೇ," ಎಂದರು ಅಕ್ಕ, ಪಕ್ಕದ ಮ್ಯಾನೇಜರ್ ಕೋಣೆಯ ಗೋಡೆ ತೋರಿಸಿ. "ಅಲ್ಲಿ ಕೂತವರಿಗೆ ಇಲ್ಲಿರೋದೆಲ್ಲ ಕಾಣುತ್ತೆ, ಬಾಣ ಓಡಿಸೋದೂ ಅವರೇ."

ಕನ್ನಡಕ ಆಗಲೇ ತಲೆಯ ಮೇಲಿತ್ತು.

ಲ್ಯಾಬಿನ ಹಳೆಯ ಯಂತ್ರಗಳು ಏದುಸಿರು ಬಿಡುತ್ತಿದ್ದವು. ಕೈಬಿಗಿಯ ಆಡಳಿತ ಮಂಡಳಿ, ಪುಕ್ಕಟೆ ಸಿಗುವ ಯಾವುದಾದರೂ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ, ಮಕ್ಕಳಿಗೆ ಸುಲಭವಾದರೆ ಸಾಕು ಎಂದಿತ್ತು. ಅಕ್ಕ ಮೂರು ಪೆನ್‌ಡ್ರೈವ್ ತಂದರು, ಮೂರರಲ್ಲೂ ಪುಕ್ಕಟೆ ಸಿಗುವ ಲಿನಕ್ಸ್ ಸಿಸ್ಟಂನ ಬೇರೆ ಬೇರೆ ಬಗೆಗಳು. ಮೇಷ್ಟ್ರು ಅಂತರ್ಜಾಲದಲ್ಲಿ ಓದಿದ್ದನ್ನೆಲ್ಲ ಉದುರಿಸಿ, ನೋಡಲು ಚಂದವಿದ್ದ ಒಂದಕ್ಕೆ ಅಂಟಿಕೊಂಡರು. ಅಕ್ಕನ ಪರೀಕ್ಷೆಯೇ ಬೇರೆ. ಪತ್ರ ಬರೆದಿದ್ದ ಆ ಹುಡುಗಿಯನ್ನೇ ಕೂರಿಸಿ, ತಾವು ಹಿಂದೆ ಕೈಕಟ್ಟಿ ನಿಂತರು. ಗೊತ್ತಾಗದಿದ್ದಾಗ ಮಕ್ಕಳು ತಿರುಗಿ ನೋಡುತ್ತಾರೆ. ಯಾವುದರಲ್ಲಿ ಕಡಿಮೆ ತಿರುಗುತ್ತಾರೋ ಅದೇ ಸುಲಭ.

ಮೇಷ್ಟ್ರ ಚಂದದ್ದರಲ್ಲಿ ಅವಳು ಕತ್ತು ಉಳುಕುವಷ್ಟು ತಿರುಗಿದಳು. ಎರಡನೆಯದರಲ್ಲೂ ಅದೇ ಪಾಡು. ಮೂರನೆಯದರಲ್ಲಿ ಮೂಲೆಯ ಮೆನುವನ್ನು ತಾನೇ ಒತ್ತಿ, ಬರೆಯುವ ಪುಟವನ್ನು ತಾನೇ ತೆರೆದಳು. ಅಕ್ಕನ ಕಡೆ ತಿರುಗಲೇ ಇಲ್ಲ. ಆದರೂ ಕತ್ತು ಮತ್ತೆ ಮತ್ತೆ ಹೊರಳುತ್ತಿತ್ತು, ಆ ಗೋಡೆಯ ಕಡೆಗೆ.

"ಅಕ್ಕಾ, ಇದ್ರಲ್ಲೂ ಅವರು ಬರ್ತಾರಾ?"

"ಇಲ್ಲ ಮಗಳೇ. ಹಳೇದನ್ನೆಲ್ಲ ಅಳಿಸಿಯೇ ಇದನ್ನ ಹಾಕೋದು. ಇದರೊಳಗೆ ಕದ್ದು ನೋಡೋ ಪ್ರೋಗ್ರಾಂ ಏನಾದ್ರೂ ಇದೆಯಾ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ಪಾಸ್‌ವರ್ಡ್ ನನ್ನ ಹತ್ರ ಇರುತ್ತೆ, ಅದಿಲ್ದೆ ಯಾರೂ ಹೊಸದೇನೂ ಹಾಕೋಕಾಗಲ್ಲ."

ಅಷ್ಟೂ ಯಂತ್ರಗಳಿಗೆ ಅದೇ ಏರಿತು. ಬಾಣದ ಓಡಾಟ ನಿಂತಿತು. ಗೋಡೆಯ ಆಚೆಯೂ ಸದ್ದಿಲ್ಲ.

ಒಂದು ಮಧ್ಯಾಹ್ನ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅಕ್ಕನ ಮುಂದಿನ ವರ್ಷದ ಕೆಲಸದ ಕಾಗದ, ಸಹಿ ಬಿದ್ದಿರಲಿಲ್ಲ. ಮುಖದಲ್ಲಿ ನಗುವಿತ್ತು. ಕೀಲಿಮಣೆಗಳ ಸದ್ದು ಒಂದೊಂದಾಗಿ ಅಡಗಿತು.

"ನನ್ನ ಸ್ಕ್ರೀನಲ್ಲಿ ಲ್ಯಾಬೇ ಕಾಣ್ತಿಲ್ಲವಲ್ಲಮ್ಮ?"

"ಅದು ಸಾರ್, ವರ್ಷನ್ ಪ್ರಾಬ್ಲಮ್ಮು..." ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಬಾಯಿ ಹಾಕಿದರು.

"ನಿಮ್ಮನ್ನ ಕೇಳಿಲ್ಲ." ಮ್ಯಾನೇಜರ್ ಕಾಗದವನ್ನು ನಿಧಾನಕ್ಕೆ ಮಡಚಿದರು. "ಏನಮ್ಮ, ನಾನು ನೋಡಬಾರದು ಅಂತಲೇ ಇದನ್ನ ಆರಿಸಿದ್ರಾ?"

ಹುಡುಗಿ ಗೋಡೆ ಬಿಟ್ಟು ಅಕ್ಕನ ಕಡೆ ತಿರುಗಿದಳು. ಅಕ್ಕ ಕನ್ನಡಕವನ್ನು ತಲೆಗೇರಿಸಿದರು.

"ಹೌದು. ಪಾಸ್‌ವರ್ಡೂ ಕೊಡಲ್ಲ."