ಹುಟ್ಟಿದವರು, ಉಳಿದವರು

ಅವತ್ತು ಬೆಳಿಗ್ಗೆ ಎಲ್ಲವೂ ದಿನದಂತೆಯೇ ನಡೆದಿತ್ತು. ಅಂಗಳಕ್ಕೆ ನೀರು ಹಾಕಿದ್ದೆ, ಹೊಸ್ತಿಲಿಗೆ ರಂಗೋಲಿ ಎಳೆದಿದ್ದೆ, ಮಗಳ ಜಡೆ ಹೆಣೆದು ಸಾಲೆಗೆ ಕಳಿಸಿದ್ದೆ. ಶಹಾಪುರದ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ಶುರುವಾಗಿತ್ತು. ಹಾಲಿನಾಕೆ ಬಂದವಳು ಹಾಲು ಅಳೆಯುತ್ತಲೇ ಹೇಳಿದಳು: “ಅಕ್ಕಾರ, ನಿಮ್ಮ ಸಾಲಿ ಟೀಚರ್ ಹೋದರಂತ್ರಿ. ನೆಹರು ನಗರದ ದವಾಖಾನಿಯಾಗ ಇದ್ರಲ್ಲ, ಅಲ್ಲೇ. ಅವರ ತಮ್ಮ ಬಂದು ತಮ್ಮೂರು ಗುಂಜಿಗೆ ಒಯ್ದರಂತ.”

ಪಾತ್ರೆ ಕೈಯಲ್ಲೇ ಇತ್ತು. ನನ್ನ ಕಣ್ಣ ಮುಂದೆ ಬಂದದ್ದು ಅವರ ಮುಖದ ಸಿಡುಬಿನ ಕಲೆಗಳು. ಬೆಳಿಗ್ಗೆ ಹಚ್ಚಿಕೊಂಡ ಪೌಡರು ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅಳಿಸಿ, ಆ ಸಣ್ಣ ಕುಳಿಗಳಲ್ಲಿ ಮಾತ್ರ ಬೆಳ್ಳಗೆ ಉಳಿದಿರುತ್ತಿತ್ತು. ಇದೇ ಊರಿನ ಕಾನ್ವೆಂಟಿನಲ್ಲಿದ್ದು ಕಲಿಯುತ್ತಿದ್ದ ಹುಡುಗಿಯರು ನಾವು, ಹಿಂದಿನ ಬೆಂಚಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವರು ಸಿಟ್ಟಾಗುತ್ತಿರಲಿಲ್ಲ. “ನಕ್ಕ ಮುಗಿಸ್ರಿ, ಆಮ್ಯಾಲೆ ಪಾಠ” ಎಂದು ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದರು. ಹಾಗೆ ಕಾಯುತ್ತ ನಿಂತವರ ಎದುರು ಎಷ್ಟು ಹೊತ್ತು ನಗಲಾದೀತು!

ನಮಗೆ ಭೂಗೋಳ ಕಲಿಸುತ್ತಿದ್ದವರು ಅವರು. ನದಿ ಪರ್ವತಗಳನ್ನು ಬೇಗ ಬೇಗ ಮುಗಿಸಿ, ಜನಸಂಖ್ಯೆಯ ಪಾಠಕ್ಕೆ ಬಂದಾಗ ಮಾತ್ರ ನಿಧಾನವಾಗುತ್ತಿದ್ದರು. ಹುಟ್ಟುವುದು, ಸಾಯುವುದು, ಬರುವುದು, ಹೋಗುವುದು. ಯಾವ ಊರೇ ಆಗಲಿ, ತುಂಬುವುದೂ ಬರಿದಾಗುವುದೂ ಈ ನಾಲ್ಕರಿಂದಲೇ ಎನ್ನುವರು. “ಅಕ್ಕನ ಲಗ್ನ ಮಾಡಿ ಬ್ಯಾರೆ ಊರಿಗೆ ಕೊಟ್ಟವರು ನಿಂದರ್ರಿ” ಎಂದರೆ ಅರ್ಧ ತರಗತಿ ಎದ್ದು ನಿಲ್ಲುತ್ತಿತ್ತು. “ನೋಡ್ರಿ, ಇದಕ್ಕೂ ಪುಸ್ತಕದಾಗ ವಲಸೆ ಅಂತನ ಅಂತಾರ. ಉಳಿದವರೂ ಗಂಟು ಕಟ್ಟಿ ಇಡ್ರಿ, ಇವತ್ತಲ್ಲ ನಾಳೆ ನಿಮ್ಮದೂ ಪಾಳಿ.” ನಾವು ನಾಚಿ ನಗುತ್ತಿದ್ದೆವು.

ಒಂದು ದಿನ ಬೋರ್ಡಿನ ಮೇಲೆ ವಯಸ್ಸಿನ ಗೋಪುರ ಬರೆದರು. ಎಲ್ಲಕ್ಕಿಂತ ಕೆಳಗೆ ಕೂಸುಗಳ ಪಟ್ಟಿ, ಅಗಲವಾಗಿ; ವಯಸ್ಸು ಏರಿದಂತೆ ಪಟ್ಟಿಗಳು ಗಿಡ್ಡವಾಗುತ್ತ ಹೋಗಿ, ತುದಿಯಲ್ಲಿ ಬೆರಳಗಲ ಮುದುಕರು.

“ಬುಡ ಯಾಕ ಅಗಲ ಐತಿ?”

“ಹುಟ್ಟವರು ಭಾಳ, ಟೀಚರ್.”

“ಖರೇ. ವರ್ಷಾ ವರ್ಷಾ ಹೆಚ್ಚು ಹುಟ್ಟಾಕತ್ತಾರ. ಅಷ್ಟ ಅಲ್ಲ, ಇನ್ನೊಂದು ಕಾರಣ ಐತಿ.” ಬಳಪವನ್ನು ಗೋಪುರದ ಓರೆ ಅಂಚಿನ ಗುಂಟ ಮೆಲ್ಲಗೆ ಎಳೆದರು. “ಕೆಳಗಿದ್ದವರೆಲ್ಲ ಮ್ಯಾಲೆ ಬರಂಗಿಲ್ಲ. ಬರಲಾರದವರು ಈ ಗೆರಿ ಹೊರಗ ಅದಾರ. ನಮ್ಮವ್ವ ಏಳು ಹಡದಿದ್ದಳು. ಸಿಡುಬು ಬಂದ ವರ್ಷ ಉಳಿದದ್ದು ನಾನು, ನಮ್ಮ ತಮ್ಮ.”

ಗೆರೆಯ ಹೊರಗಿನ ಕಪ್ಪು ಬೋರ್ಡನ್ನೇ ನಾವು ನೋಡುತ್ತ ಕೂತೆವು. ಪೌಡರಿಗೆ ಮತ್ತೆ ಯಾರೂ ನಗಲಿಲ್ಲ.

ಸಾಲೆ ಮುಗಿಯುತ್ತಲೇ ನನಗೆ ಲಗ್ನವಾಯಿತು. ಚೊಚ್ಚಲ ಬಾಣಂತನ ತವರಿನಲ್ಲಿ, ಖಾನಾಪುರದಲ್ಲಿ. ಹೆಣ್ಣುಕೂಸು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಗಿತ್ತು, ಬೀಗರಿಗೆ ಹೇಳಿಕಳಿಸಿಯೂ ಆಗಿತ್ತು. ಅದಕ್ಕೆ ಎರಡು ದಿನ ಇರುವಾಗ ಕೂಸಿಗೆ ಜ್ವರ ಬಂತು. ಸಂಜೆಯೊಳಗೆ ಕೂಸು ಹೋಯಿತು. ತವರಿನ ಹೊಲದ ಬದುವಿನ ಬಾಜು ಮಣ್ಣು ಮಾಡಿದರು. ಹೆಸರಿಡುವ ಮುಂಚೆ ಹೋದ ಕೂಸನ್ನು ನಮ್ಮ ಮನೆಗಳಲ್ಲಿ ಮಕ್ಕಳ ಜೊತೆ ಎಣಿಸುತ್ತಿರಲಿಲ್ಲ, ಅದರ ಮಾತೂ ಎತ್ತುತ್ತಿರಲಿಲ್ಲ. ನಾನು ಅಳುವುದು ಕಂಡರೆ, “ಮುಂದ ಹುಟ್ಟೂ ಕೂಸಿಗೆ ಛಲೋ ಅಲ್ಲ, ಸುಮ್ಮನಾಗು” ಎನ್ನುವರು. ಕೆಲವು ವರ್ಷಕ್ಕೆ ಇನ್ನೊಬ್ಬ ಮಗಳು ಹುಟ್ಟಿದಳು. ಎಲ್ಲರೂ ಅವಳನ್ನೇ ಚೊಚ್ಚಲ ಮಗಳು ಎಂದರು. ಕೇಳಿದವರಿಗೆ ನಾನೂ “ನನಗ ಒಬ್ಬಾಕಿ ಮಗಳು” ಎನ್ನುತ್ತ ಬಂದೆ.

ಎಂಬತ್ತೊಂದರ ಜನಗಣತಿಯಲ್ಲಿ ನಮ್ಮ ಓಣಿ ಟೀಚರ್ ಪಾಲಿಗೆ ಬಂದಿತ್ತು. ಬಿಸಿಲಲ್ಲಿ ನಡೆದು ಬಂದು ಪಡಸಾಲೆಯಲ್ಲಿ ಕೂತರು. ಕುಳಿಗಳಲ್ಲಿ ಅದೇ ಪೌಡರು. ಎಮರ್ಜೆನ್ಸಿಯ ಸಂತಾನಹರಣದ ಭಯ ಜನರಿಗೆ ಇನ್ನೂ ಹೋಗಿರಲಿಲ್ಲ. ನಮ್ಮ ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು: “ಆಪರೇಶನ್ನಿಗೆ ಹೆಸರು ಬರಕೊಳ್ಳಾಕ ಬಂದೀರೇನ್ರಿ?”

“ನನ್ನ ಕೈಯಾಗ ಪೆನ್ ಅಷ್ಟ ಐತ್ರಿ ಅವ್ವಾರ, ಕತ್ತರಿ ಇಲ್ಲ.”

ಅತ್ತೆ ನಕ್ಕುಬಿಟ್ಟರು. ಚಹಾ ಬಂತು. ಮನೆಯವರ ವಯಸ್ಸು, ಕೆಲಸ, ಹುಟ್ಟಿದ ಊರು ಎಲ್ಲ ಬರೆದಾಯಿತು. ಆಮೇಲೆ ನನ್ನ ಕಡೆ ತಿರುಗಿ, “ಈಗ ಇರೋ ಮಕ್ಕಳು ಎಷ್ಟು? ಜೀವ ಇದ್ದು ಹುಟ್ಟಿದವು ಒಟ್ಟು ಎಷ್ಟು?” ಎಂದರು.

ಅತ್ತೆಯೇ ಉತ್ತರಿಸಿದರು. “ಇರಾಕಿ ಒಬ್ಬಾಕಿ. ಹುಟ್ಟಿದಾಕೀನೂ ಒಬ್ಬಾಕಿ.”

ಟೀಚರ್ ಬರೆಯಲಿಲ್ಲ. ತರಗತಿಯಲ್ಲಿ ಕಾಯುತ್ತಿದ್ದರಲ್ಲ, ಹಾಗೆ ಕಿಟಕಿಯ ಕಡೆ ನೋಡುತ್ತ ಕೂತರು. “ಎರಡು” ಎಂದೆ. ನನಗೇ ಕೇಳಿಸಿತೋ ಇಲ್ಲವೋ.

“ಹೆಸರ ಇಡಲಾರದ ಕೂಸನ್ನ ಹೆಂಗ ಲೆಕ್ಕಕ್ಕ ಹಿಡೀತೀರಿ?” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು.

“ಹುಟ್ಟಿದಾಗ ಅತ್ತಿತ್ತಲ್ರಿ ಅದು? ಹಾಲ ಕುಡಿದಿತ್ತಲ್ರಿ? ಹಂಗಾದ್ರ ಹುಟ್ಟಿತ್ತು. ಎಲ್ಲಾರೂ ಉಳಿದವರನ್ನಷ್ಟ ಹೇಳಿದರ, ಈ ಕಡೆ ಕೂಸು ಸಾಯೂದ ಇಲ್ಲ ಅಂತ ಸರಕಾರದವರು ತಿಳೀತಾರ. ಸೂಲಗಿತ್ತಿ ಯಾಕ, ದವಾಖಾನಿ ಯಾಕ ಅಂತಾರ.”

ಟೀಚರ್ ಬರೆದುಕೊಂಡರು. ಹೋಗುವಾಗ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, “ನೀ ಇಬ್ಬರ ತಾಯಿ ಇದ್ದಿ, ತಿಳೀತೋ ಇಲ್ಲೋ?” ಎಂದರು. ನಮ್ಮ ಮುಂದಿನ ಮನೆಯ ಕದ ತಟ್ಟಲು ನಡೆದೇಬಿಟ್ಟರು. ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರದಿಂದ ಕಣ್ಣೆತ್ತದೆ, “ಕೂದಲಾ ಭಾಳ ಇದ್ದವು ಅದಕ್ಕ” ಎಂದರು. ಅವರು ತಾವಾಗಿ ಆ ಕೂಸಿನ ಮಾತೆತ್ತಿದ್ದು ಅದೊಂದೇ ಸಲ. ಆಮೇಲೆ ಎರಡು ವರ್ಷಕ್ಕೆ ಅವರೂ ತೀರಿಕೊಂಡರು.

ಆದರೂ ಮಂದಿ ಕೇಳಿದಾಗ ನಾನು “ಒಬ್ಬಾಕಿ” ಎನ್ನುವುದು ತಪ್ಪಿರಲಿಲ್ಲ. ಟೀಚರ್ ಒಬ್ಬರಿಗೆ ಗೊತ್ತಿದೆಯಲ್ಲ ಎಂಬ ಒಂದು ಧೈರ್ಯ ಒಳಗೆ ಇತ್ತು. ಸಂತೆಯಲ್ಲಿ ಸಿಕ್ಕರೆ “ಮಕ್ಕಳು ಹೆಂಗದಾವ?” ಎಂದು ಬಹುವಚನದಲ್ಲೇ ಕೇಳುವವರು ಊರಿಗೆಲ್ಲ ಅವರೊಬ್ಬರೇ ಇದ್ದರು.

ಗುಂಜಿಗೆ ಹೋಗುವ ಗಾಡಿ ಅವತ್ತು ನನಗೆ ಸಿಗಲಿಲ್ಲ. ಸಿಕ್ಕಿದ್ದರೂ ಮಣ್ಣಿಗೆ ಹೊತ್ತು ಮೀರಿರುತ್ತಿತ್ತು. ಇಡೀ ದಿನ ಕೆಲಸ ಮಾಡಿದೆ, ಏನು ಮಾಡಿದೆನೋ ನೆನಪಿಲ್ಲ. ಸಂಜೆ ಕಟ್ಟೆಯ ಮೇಲೆ ಮೆಂತ್ಯೆ ಸೋಸುತ್ತ ಕೂತಾಗ, ಗೋಕಾಕದಿಂದ ಹೊಸದಾಗಿ ಬಾಜೂ ಮನೆಗೆ ಬಾಡಿಗೆಗೆ ಬಂದಾಕೆ ಬಂದು ಕೂತಳು. ತಾನೂ ಒಂದು ಸೂಡು ಎತ್ತಿಕೊಂಡು ಎಲೆ ಬಿಡಿಸುತ್ತ, ಮಾತಿಗೆ ಮಾತು ಎಂಬಂತೆ, “ನಿಮಗ ಮಕ್ಕಳೆಷ್ಟ್ರಿ?” ಎಂದಳು.

“ಎರಡು ರೀ,” ಎಂದೆ. “ಇಬ್ಬರೂ ಹೆಣ್ಣ.”

ಮುಂದಿನದನ್ನೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಬರಿದಾದ ಕಡ್ಡಿಗಳನ್ನು ಬಗ್ಗಿ ಗಟಾರಕ್ಕೆ ಎಸೆಯುತ್ತ ಅಂದಳು: “ನಾ ಒಬ್ಬಾಕಿನ್ನಷ್ಟ ನೋಡೇನಿ ನೋಡ್ರಿ. ಇನ್ನೊಬ್ಬಾಕಿನ್ನ ಅಜ್ಜಿ ಮನಿಯಾಗ ಬಿಟ್ಟೀರೇನು? ಛಲೋ ಮಾಡೀರಿ ಬಿಡ್ರಿ. ಇಬ್ಬರೂ ಒಂದ ಕಡೆ ಇದ್ದರ ಬರೇ ಜಗಳ.”