ಕಲಾಯಿ ಹಿಡಿಯದ ತಾಮ್ರದ ಪಾತ್ರೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹುಟ್ಟಿ ಮೂರು ದಿನ ಆಯಿತು, ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಅರಬರ ದೇಶದ ಅಲ್ ರಯ್ಯಾನಿನ ಈ ಮನೆಗೆ ಬಂದಳು. ಕೈಬೆರಳು ಹತ್ತು, ಕಾಲ್ಬೆರಳು ಹತ್ತು, ನಾನೇ ಎರಡೆರಡು ಸಲ ಎಣಿಸಿದೆ. ಅತ್ತರೆ ಕೆಳಗಿನ ವಾಚ್‌ಮನ್‌ಗೂ ಕೇಳಬೇಕು, ಅಷ್ಟು ಗಂಟಲು ಉಂಟು. ಎಲ್ಲರ ಮನೆಯಲ್ಲೂ ಮಕ್ಕಳು ಹುಟ್ಟುತ್ತವೆ, ಇದರಲ್ಲಿ ಬರೆಯುವಂಥದ್ದು ಎಂತ ಅಂತ ನೀವು ಕೇಳಬಹುದು. ನನ್ನ ಮಗಳು ಸುಮತಿಗೆ ಇದಕ್ಕೆ ಮೊದಲು ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡು ಸಲವೂ ಅದು ನನ್ನ ಈ ಕೈಯಿಂದ ಆದದ್ದು ಅಂತ ನಾನು ಒಳಗೊಳಗೇ ನಂಬಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಇವತ್ತು ಹೇಳಿಬಿಡುತ್ತೇನೆ.

ನಾನು ದೈವಕ್ಕೆ ಕೈಮುಗಿಯುವವನು, ಆದರೆ ಅದು ಕಂಡಿತು ಇದು ಕಂಡಿತು ಅನ್ನುವವರನ್ನು ನಂಬಿದವನಲ್ಲ. ಯಾರಾದರೂ ಅಂಥ ಕತೆ ಶುರು ಮಾಡಿದರೆ "ಊಟ ಜಾಸ್ತಿಯಾಗಿರಬೇಕು ಮಾರಾಯ" ಅಂತ ನಗಾಡುತ್ತಿದ್ದೆ. ಆ ಶುಕ್ರವಾರದವರೆಗೆ.

ನನ್ನ ಕೆಲಸ ಪಾತ್ರೆಗಳಿಗೆ ಕಲಾಯಿ ಹಾಕುವುದು. ಶಾಲೆ ಮೂರನೇ ಕ್ಲಾಸಿಗೆ ಮುಗಿಯಿತು, ಉಳಿದದ್ದೆಲ್ಲ ಸೋದರಮಾವನ ಕುಲುಮೆಯಲ್ಲಿ ಕಲಿತದ್ದು. ಬಿನ್ ಒಮ್ರಾನಿನಲ್ಲಿ ಊರಿನವರೊಬ್ಬರ ಹೋಟೆಲಿತ್ತು. ಅಲ್ಲಿನ ಬಿರಿಯಾನಿಯ ದೊಡ್ಡ ತಾಮ್ರದ ಪಾತ್ರೆಗಳಿಗೆ ಒಳಗಿನಿಂದ ತವರ ಹಿಡಿಸಲು ನನ್ನನ್ನು ಕರೆಸಿಕೊಂಡಿದ್ದರು. ಅಡುಗೆಮನೆಯ ಹಿಂದಿನ ಅಂಗಳ, ಒಂದು ಗ್ಯಾಸ್ ಒಲೆ, ಒಂದು ಇಕ್ಕಳ, ಇಷ್ಟೇ ನನ್ನ ರಾಜ್ಯ.

ಹೋಟೆಲಿನ ಮಾಳಿಗೆಯಲ್ಲಿ ಅಲ್ಜೀರಿಯಾ ದೇಶದ ಒಬ್ಬ ಮೇಷ್ಟ್ರು ಸಂಸಾರ ಸಮೇತ ಇದ್ದರು. ಮಕ್ಕಳಿಗೆ ಅರಬಿ ಕಲಿಸುವವರು, ಎಲ್ಲರೂ ಉಸ್ತಾದ್ ಅಂತಲೇ ಕರೆಯುವುದು. ಅವರಲ್ಲಿ ಮಗುವಿನ ಹೆಸರು ಹಿಡಿದು ಅಪ್ಪನನ್ನು ಕರೆಯುತ್ತಾರೆ, ಹಾಗಾಗಿ ನಾನು ಅವರಿಗೆ ಅಬು ಸುಮತಿ. "ಯಾ ಅಬು ಸುಮತಿ, ನಿಮ್ಮ ಹೋಟೆಲಿನ ಚಹಾ ಕುಡಿದೂ ಇನ್ನೂ ಬದುಕಿದ್ದೇನೆ ನೋಡು" ಅಂತ ದಿನಾ ಕಾಡುವುದು.

ಹನ್ನೊಂದು ವರ್ಷದ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದವರು ಒಂದು ತಾಮ್ರದ ಪಾತ್ರೆ ಕೊಟ್ಟರು. ಅವರ ಮಗಳು ಬಸುರಿ. ಹುಟ್ಟುವ ಮಗುವಿಗೆ ಮೊದಲ ಗಂಜಿ ಅದರಲ್ಲೇ ಬೇಯಬೇಕಂತೆ. ಅವರ ಅಜ್ಜ ಕಂಚುಗಾರ, ಆ ಪಾತ್ರೆ ಅವರ ಕೈಯದ್ದು. ಬಡಿತ ನೋಡಿಯೇ ಗೊತ್ತಾಯಿತು, ಒಳ್ಳೆ ಕೈ.

ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ ಹತ್ತಿಯಿಂದ ಒರೆಸಿದೆ. ಹಿಡಿಯಲಿಲ್ಲ. ತವರ ಉಂಡೆ ಉಂಡೆಯಾಗಿ ಉರುಳಿ ತಳಕ್ಕೆ ಬಂತು. ಹುಣಸೆಹಣ್ಣು ಹಾಕಿ ಉಜ್ಜಿ ಮತ್ತೆ ಕಾಯಿಸಿದೆ. ಮತ್ತೆ ಹಾಗೇ. ಮೂರನೇ ಸಲ ಹೊಗೆ ಮುಖಕ್ಕೇ ಬಂದಾಗ ಕಣ್ಣು ಮುಚ್ಚಿ ಎಡಗೈ ಅಡ್ಡ ಹಿಡಿದೆ.

ಆಗ ಒಂದು ಬೆಳಕು ಬಂತು. ಶಬ್ದ ಇಲ್ಲ, ಬಿಸಿ ಇಲ್ಲ. ಮುಚ್ಚಿದ ಕಣ್ಣಿಗೆ ನನ್ನ ಕೈ ಕಂಡಿತು. ಚರ್ಮ ಇಲ್ಲ, ಮಾಂಸ ಇಲ್ಲ, ಬರೀ ಎಲುಬು. ಕಿರುಬೆರಳಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಒಂದು ಚೂರು ಬೇರೆಯಾಗಿ ನಿಂತಿತ್ತು. ಚಿಕ್ಕವನಿದ್ದಾಗ ಗೇರುಮರದಿಂದ ಬಿದ್ದು ಆ ಬೆರಳು ಮುರಿದಿತ್ತು. ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದ್ದು ಬಿಟ್ಟರೆ ಡಾಕ್ಟರಿಗೆ ತೋರಿಸಿದವರಿಲ್ಲ.

ಕಣ್ಣು ಬಿಟ್ಟರೆ ಒಲೆ ಮೊದಲಿನ ಹಾಗೇ ಉರಿಯುತ್ತಿದೆ. ಅಡುಗೆಯ ಹಮೀದ್ ಬಾಗಿಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಬೆಂಕಿ ಎದ್ದಿತಾ ಅಂತ ಕೇಳಿದೆ. "ಎಂತ ಬೆಂಕಿ? ಬಿಸಿಲು ತಲೆಗೇರಿದೆ ನಿಮಗೆ, ಮಜ್ಜಿಗೆ ಕುಡಿಯಿರಿ" ಅಂದ.

ಸಂಜೆ ಉಸ್ತಾದ್ ಬಂದರು. ಕಲಾಯಿ ಮಾಫಿ ಉಸ್ತಾದ್, ಇದು ಹಿಡಿಯುವುದಿಲ್ಲ, ಮಗುವಿಗೆ ಇದರಲ್ಲಿ ಕೊಡಬೇಡಿ ಅಂದೆ. ಅವರ ಮುಖ ಕೆಂಪಾಯಿತು. "ಕೆಲಸ ಬರುವುದಿಲ್ಲ ಅಂತ ಹೇಳು. ನನ್ನ ಅಜ್ಜನ ಕೈಯನ್ನು ಯಾಕೆ ದೂರುತ್ತೀ?" ಬೇರೆ ದಾರಿ ಇಲ್ಲದೆ ಕಂಡದ್ದನ್ನು ಹೇಳಿದೆ.

ಅವರು ಒಂದು ಬೋರಲು ಪಾತ್ರೆಯ ಮೇಲೆ ಕೂತುಬಿಟ್ಟರು. "ಯಾವ ಕೈ?" ಅಂದರು. ಎಡಗೈ ಅಂದೆ. "ಅಜ್ಜನೂ ಎಡಗೈ ಅನ್ನುತ್ತಿದ್ದ." ಆಮೇಲೆ ಅವರು ಹೇಳಿದ್ದನ್ನು, ಆಣೆ ಮಾಡಿ ಹೇಳುತ್ತೇನೆ, ಅಲ್ಲಿಯವರೆಗೆ ನಾನು ಕೇಳಿದವನಲ್ಲ.

ಅವರ ಅಜ್ಜನದ್ದು ಸಹಾರಾ ಮರಳುಗಾಡಿನಲ್ಲಿ ರೆಗ್ಗಾನ್ ಅನ್ನುವ ಊರಿನ ಹತ್ತಿರದ ಹಳ್ಳಿ. ಆಗ ಆ ದೇಶ ಫ್ರಾನ್ಸಿನವರ ಕೈಯಲ್ಲಿತ್ತು. ಅವರು ಅಣುಬಾಂಬು ಸಿಡಿಸಿ ನೋಡಲು ಆರಿಸಿದ ಜಾಗ ಅದು. ಒಂದು ಬೆಳಗಿನ ಜಾವ ಸಿಪಾಯಿಗಳು ಬಂದು, ಮನೆಯಿಂದ ಹೊರಗೆ ಬನ್ನಿ, ಬೆನ್ನು ಹಾಕಿ ಕೂತು ಕಣ್ಣಿಗೆ ಕೈ ಅಡ್ಡ ಹಿಡಿಯಿರಿ ಅಂದರಂತೆ. ಅಷ್ಟೇ ರಕ್ಷಣೆ. ಬೆಳಕು ಬಂದಾಗ ಅಜ್ಜನಿಗೆ ಮುಚ್ಚಿದ ಕಣ್ಣಿನಲ್ಲಿ ತನ್ನ ಕೈಯ ಎಲುಬು ಕಂಡಿತಂತೆ. ಸಿಡಿದ ಕಡೆ ಮರಳು ಕರಗಿ ಕಪ್ಪು ಗಾಜಾಗಿತ್ತಂತೆ. ಕೆಲವು ವರ್ಷ ಕಳೆದು ಫ್ರಾನ್ಸಿನವರು ಗಂಟುಮೂಟೆ ಕಟ್ಟಿದಾಗ ತಂತಿ, ಕೊಳವೆ, ತಗಡು ಎಲ್ಲ ಮರಳಲ್ಲಿ ಮುಚ್ಚಿ ಹೋದರು. ಗಾಳಿ ಅದನ್ನು ಬಿಚ್ಚಿತು. ತಾಮ್ರ ಕಂಡರೆ ಕಂಚುಗಾರ ಬಿಡುತ್ತಾನಾ? ನಾನಾದರೂ ಬಿಡುತ್ತಿರಲಿಲ್ಲ. ಅಜ್ಜ ಆ ತಂತಿ ಕರಗಿಸಿ, ಬಡಿದು, ಅರ್ಧ ಊರಿಗೆ ಪಾತ್ರೆ ಮಾಡಿಕೊಟ್ಟ. ಉಸ್ತಾದ್ ತಂದದ್ದೂ ಅವುಗಳಲ್ಲಿ ಒಂದು, ಆದರೆ ಆ ದಿನದವರೆಗೆ ಅವರು ಹಾಗೆ ಯೋಚಿಸಿರಲಿಲ್ಲವಂತೆ. ಅದರಲ್ಲಿ ವಿಷ ಉಂಟು ಅಂತ ಹೇಳಲು ಒಬ್ಬನೂ ಬರಲಿಲ್ಲ. ಕೊನೆಗೆ ಅಜ್ಜನ ಕಣ್ಣು ಹೋಯಿತು, ಕೈಯ ಚರ್ಮ ಸುಲಿಯಿತು. ಯಾತರಿಂದ ಅಂತ ಬರೆದುಕೊಂಡವರೂ ಇಲ್ಲ.

ಅದು ಖಾಲಿ ಜಾಗ ಅಂತ ಆ ಫ್ರಾನ್ಸಿನವರ ಲೆಕ್ಕವಂತೆ. ಬಾವಿ ಇತ್ತು, ಖರ್ಜೂರದ ತೋಟ ಇತ್ತು, ಹೆರುವ ಹೆಂಗಸರಿದ್ದರು. ಖಾಲಿ ಅನ್ನಲು ಯಾವ ಬಾಯಿ? ಅಷ್ಟು ಖಾಲಿ ಜಾಗ ಬೇಕಿದ್ದರೆ ತಮ್ಮ ಊರಲ್ಲಿ ಹುಡುಕಬೇಕಿತ್ತು. ಓದಿದವರಂತೆ, ದೊಡ್ಡ ದೊಡ್ಡ ಪರೀಕ್ಷೆ ಪಾಸಾದವರಂತೆ. ಸುಡುವ ಪಾತ್ರೆ ಇಳಿಸಿದರೆ "ಮುಟ್ಟಬೇಡಿ" ಅಂತ ಕೂಗಿ ಹೇಳುತ್ತೇವೆ ನಾವು. ಮೂರನೇ ಕ್ಲಾಸಿನವನಿಗೆ ಗೊತ್ತಿರುವ ಮರ್ಯಾದೆ ಅವರಿಗೆ ಗೊತ್ತಿರಲಿಲ್ಲವೇ? ನನ್ನ ಮೇಲೂ ಸಿಟ್ಟು ಬಂತು. ನಮ್ಮ ದೇಶ ರಾಜಸ್ಥಾನದ ಮರಳಿನಲ್ಲಿ ಬಾಂಬು ಸಿಡಿಸಿದ ಸುದ್ದಿ ಬಂದಾಗ ಹೋಟೆಲಿನ ಅದೇ ಅಂಗಳದಲ್ಲಿ ಲಾಡು ಹಂಚಿದವನು ನಾನು. ಆ ಮರಳಿನ ಪಕ್ಕ ಯಾರ ಮನೆ ಇತ್ತು ಅಂತ ಕೇಳಲಿಲ್ಲ.

ಪಾತ್ರೆ ಬಿಸಾಡಿ ಅಂದೆ. "ಎಲ್ಲಿ? ಗುಜರಿಗೆ ಹಾಕಿದರೆ ಇನ್ನೊಬ್ಬನ ಅಡುಗೆಮನೆಗೆ ಹೋಗುತ್ತದೆ" ಅಂದರು ಉಸ್ತಾದ್. ಗೋಣಿಯಲ್ಲಿ ಸುತ್ತಿ, ಖಲಾಸ್ ಅಂತ ಎದ್ದು ಹೋದರು. ಅವರ ಮೊಮ್ಮಗ ಸ್ಟೀಲಿನ ಪಾತ್ರೆಯ ಗಂಜಿ ಉಂಡು ಈಗ ಫುಟ್‌ಬಾಲ್ ಆಡುತ್ತಾನೆ.

ಅದೇ ತಿಂಗಳು ನಾನು ರಜೆಯಲ್ಲಿ ಊರಿಗೆ ಹೋಗಿ, ಆ ಪಾತ್ರೆ ಉಜ್ಜಿದ ಇದೇ ಕೈಯಲ್ಲಿ ಸುಮತಿಯ ತಲೆ ಸವರಿದ್ದೆ. ಒಂದು ಸಲ ಮುಟ್ಟಿದರೆ ಏನೂ ಆಗುವುದಿಲ್ಲ ಅಂತ ತಿಳಿದವರು ಈಗ ಹೇಳುತ್ತಾರೆ. ಇರಬಹುದು. ಹೀಗೆ ಕೂತು ಹೇಳುವವರು ಆ ಹಳ್ಳಿಗೆ ಒಬ್ಬರಾದರೂ ಹೋಗಿದ್ದರೆ?

ಆ ಶುಕ್ರವಾರ ಕಳೆದು ನಾಲ್ಕು ವರ್ಷಕ್ಕೆ ಹೋಟೆಲಿನ ಕೋಲ್ಡ್ ಸ್ಟೋರಿನ ಬಾಗಿಲು ಎಡಗೈಗೆ ಬಡಿಯಿತು. ಆ ಕೈಗೆ ಅದೇ ಮೊದಲ ಎಕ್ಸ್‌ರೇ. ಡಾಕ್ಟರು ಕಿರುಬೆರಳಿನ ಬುಡ ತೋರಿಸಿ, ಇದು ಹಳೆಯ ಪೆಟ್ಟು, ಒಂದು ಚೂರು ಉಳಿದಿದೆ ಅಂದರು. ಅಕ್ಕಿಕಾಳಿನಷ್ಟು. ನಾನು ಅದನ್ನು ಆಗಲೇ ನೋಡಿದ್ದೆ. ಹೇಗೆ ಅಂತ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಇದ್ದರೆ ಹೇಳಿ, ಕೇಳುತ್ತೇನೆ.

ಇವತ್ತು ಉಸ್ತಾದ್‌ಗೆ ಫೋನ್ ಮಾಡಿದೆ. "ಮೊದಲ ಗಂಜಿಗೆ ಪಾತ್ರೆ ನಾನು ತರುತ್ತೇನೆ. ಹೆದರಬೇಡ, ಅಂಗಡಿಯದ್ದು" ಅಂದರು.

ಸಂಜೆ ಎಲ್ಲರೂ ನೆಲದ ಮೇಲೆ ಚಾಪೆ ಹಾಕಿ ಕೂತೆವು. ಬಾಣಂತಿಗೆ ಬೇರೆ ಬಡಿಸಬೇಕು ಅಂತ ನನ್ನ ಹೆಂಡತಿ ಗಿರಿಜ ಗೊಣಗಿದಳು, ಸುಮತಿ ಕೇಳಲಿಲ್ಲ, ತನ್ನ ಮೆಣಸಿನ ಸಾರಿನ ಬಟ್ಟಲು ಹಿಡಿದು ನಮ್ಮ ನಡುವೆಯೇ ಕೂತಳು. ಮಗು ನನ್ನ ತೊಡೆಯ ಮೇಲೆ. ಅಳಿಯ ಪ್ರವೀಣ ಫೋಟೋ ತೆಗೆಯಲು ಮೊಬೈಲು ಎತ್ತಿದ. ಫ್ಲಾಶ್ ಬೆಳಗಿದ್ದೇ ನನ್ನ ಎಡಗೈ ತಾನಾಗಿ ಹೋಗಿ ಮಗುವಿನ ಕಣ್ಣಿಗೆ ಅಡ್ಡ ನಿಂತಿತ್ತು.

"ಫ್ಲಾಶ್ ಅಷ್ಟೇ ಮಾವ" ಅಂದ ಪ್ರವೀಣ.

"ಅಜ್ಜನ ಕೈ ಮಾತ್ರ ಬಂದಿರುತ್ತದೆ ಫೋಟೋದಲ್ಲಿ" ಅಂತ ಗಿರಿಜ ನಕ್ಕಳು. ನನ್ನ ಬಟ್ಟಲಿಗೆ ಇನ್ನೊಂದು ಸೌಟು ಮೀನುಸಾರು ಹಾಕಿದಳು. ನಾನು ಎಡಗೈ ತೆಗೆಯಲಿಲ್ಲ. ಬಲಗೈಯಲ್ಲಿ ಅನ್ನ ಕಲಸಿ ಉಂಡೆ.