ಸುಣ್ಣ ಹಚ್ಚದ ದಾರಿ

ನನ್ನ ತಂಗಿ ರಶ್ಮಿತಾಳ ಹಟ ನಮ್ಮ ವನಗೂರಿನ ಏರುದಾರಿಗಿಂತ ಕಡಿದು. ಡಿಪ್ಲೊಮಾ ಮುಗಿಸಿದವಳೇ ಆನೇಮಹಲಿನಲ್ಲಿ, ಹೆದ್ದಾರಿ ಪಕ್ಕದ ಗೊಬ್ಬರದಂಗಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದಳು. ಒಳ್ಳೆಯ ಇಂಟರ್ನೆಟ್ ಹೆದ್ದಾರಿಯಲ್ಲೇ ಹೋಗುತ್ತದೆ, ನಮ್ಮ ಬೆಟ್ಟ ಹತ್ತುವುದಿಲ್ಲ. ಅಲ್ಲಿ ಕೂತೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾಳೆ.

ಏನು ಕೆಲಸ ಎಂದು ಕೇಳಿ ಕೇಳಿ ಲಾರಿ ಓಡಿಸುವ ನನಗೆ ಅರ್ಥವಾದದ್ದು ಇಷ್ಟು. ಕಾರ್ಖಾನೆ, ಆಸ್ಪತ್ರೆಗಳ ಲೆಕ್ಕವೆಲ್ಲ ಈಗ ದೂರದ ಕ್ಲೌಡ್ ಕಂಪ್ಯೂಟರುಗಳಲ್ಲಿರುತ್ತದೆ. ಅಲ್ಲಿಗೆ ಹೋಗಲು ಎಲ್ಲರೂ ಓಡಾಡುವ ಇಂಟರ್ನೆಟ್ ಬಿಟ್ಟು ಅವರಿಗೇ ಮೀಸಲಾದ ಖಾಸಗಿ ಸಂಪರ್ಕ ಬೇಕು, ಎಸ್ಟೇಟಿನ ಜೀಪಿಗಷ್ಟೇ ಇರುವ ಒಳದಾರಿಯ ಹಾಗೆ. ಅಂಥ ಸಂಪರ್ಕಗಳನ್ನು ಹಾಕುವುದು, ಕಾಯುವುದು, ತೆಗೆಯುವುದು ಇವಳ ಪಾಲಿಗೆ. ಇವಳು ಮೌಸ್ ಮುಟ್ಟುವುದಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟು ಒಂದು ಕೀಲಿ ಒತ್ತುತ್ತಾಳೆ. ಆ ಬರಹಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ.

ಹೋದ ವರ್ಷ ಕಾಫಿ ಕುಯ್ಲಿನ ಸಮಯದಲ್ಲಿ, ಬಳಕೆಯಿಲ್ಲದ ಸಂಪರ್ಕಗಳನ್ನೆಲ್ಲ ಕಿತ್ತುಹಾಕುವ ಸ್ಕ್ರಿಪ್ಟ್ ಬರೆದಳು. ಕಾಫಿ ಬೀಜ ಹದಮಾಡುವ ಇಲ್ಲೇ ಹತ್ತಿರದ ಕ್ಯೂರಿಂಗ್ ವರ್ಕ್ಸಿಗೆ ಎರಡು ಸಂಪರ್ಕ. ಎರಡನೆಯದು ಮೊದಲನೆಯದು ಕೆಟ್ಟಾಗ ಮಾತ್ರ ಬೇಕು, ಸದಾ ಖಾಲಿ. ಅದೂ ಹೋಯಿತು. ಸ್ವಲ್ಪ ದಿನಕ್ಕೆ ದೋಣಿಗಲ್ ಬಳಿ ರಸ್ತೆ ಅಗೆಯುವ ಜೆಸಿಬಿ ಮೊದಲನೆಯದರ ಕೇಬಲ್ಲನ್ನೂ ಕಿತ್ತಿತು. ಕ್ಲೌಡಿನಿಂದ ಬರಬೇಕಾದ ತೂಕದ ಚೀಟಿ ಬಾರದೆ ಲಾರಿಗಳು ಗೇಟಿನಲ್ಲೇ ನಿಂತವು. ಅವುಗಳಲ್ಲೊಂದು ನನ್ನದು. ಕಂಪ್ಯೂಟರ್ ನೋಡಿಕೊಳ್ಳುವ ಪುಣ್ಯಾತ್ಮರಿಗೆ ಬಾಯಿತುಂಬ ಬೈದೆ. ಅದು ನಮ್ಮನೆಯವಳೇ ಎಂದು ತಿಳಿದದ್ದು ಸಂಜೆ.

ಅವಳ ಮೇಲಧಿಕಾರಿ ಸುನಿಲ್‌ಕುಮಾರ್ ಕೂಗಾಡಲಿಲ್ಲ. ಸ್ಕ್ರಿಪ್ಟ್ ಸಾಕು, ಬೆಂಗಳೂರಿಗೆ ಬಂದು ಕಣ್ಣೆದುರು ಕೆಲಸ ಮಾಡಿ ಎಂದರಂತೆ. ತಂಗಿ ತಪ್ಪು ಒಪ್ಪಿಕೊಂಡಳು, ಹೋಗಲು ಮಾತ್ರ ಒಪ್ಪಲಿಲ್ಲ. ಒಂದು ಅವಕಾಶ ಕೇಳಿದಳು. ಕೊಟ್ಟರು. ಇನ್ನೊಮ್ಮೆ ಹೀಗೆ ಕೆಲಸ ನಿಂತರೆ ಗಂಟುಮೂಟೆ ಕಟ್ಟಬೇಕು.

ನಮ್ಮಪ್ಪ ಚಲುವಯ್ಯ ಮರಗಸಿ ಮೇಸ್ತ್ರಿ. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಸುತ್ತಾನೆ. ಮೊದಲು ತೋಟವೆಲ್ಲ ಸುತ್ತಿ ಕಡಿಯಬೇಕಾದ ಮರಕ್ಕೆ ಸುಣ್ಣ ಹಚ್ಚುತ್ತಾನೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ನೋಡಿ ಹೂಂ ಎಂದ ಮೇಲೆಯೇ ಕತ್ತಿ ಮರ ಹತ್ತುವುದು.

"ನಿನ್ನ ನೋಡ್ಕಂಡೇ ಬೆಳ್ದೋಳು ಕಣಪ್ಪ ನಾನು," ಎಂದಳು ಅಂದು ಮನೆಗೆ ಬಂದು ಊಟಕ್ಕೆ ಕೂತ ರಶ್ಮಿತಾ. "ಆದ್ರೂ ಸುಣ್ಣ ಹಚ್ದಲೆ ಕಡ್ದುಬುಟ್ಟೆ."

ಅಪ್ಪ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ.

ಮರುದಿನವೇ ಹಳೆಯ ಸ್ಕ್ರಿಪ್ಟನ್ನು ಬುಡಸಮೇತ ಬದಲಿಸಿದಳು. ಹೊಸದು ಯಾವುದನ್ನೂ ಕೀಳುವುದಿಲ್ಲ. ಖಾಲಿ ಇರುವುದಕ್ಕೆ ಗುರುತು ಹಾಕಿ ನಿಲ್ಲುತ್ತದೆ. ಆಮೇಲೆ ಇವಳು ಆಯಾ ಸಂಸ್ಥೆಗೆ ಫೋನ್ ಮಾಡಿ, ಇದು ಯಾಕಿದೆ, ತೆಗೆಯಲೇ ಎಂದು ಕೇಳುತ್ತಾಳೆ. ಇಷ್ಟೆಲ್ಲ ಓದಿ ಕೊನೆಗೆ ಫೋನ್ ಮಾಡಿ ಕೇಳುವುದೇನೇ ಎಂದು ರೇಗಿಸಿದೆ. ಅವಳು ಮುಂದಿನ ನಂಬರ್ ಒತ್ತಿದಳು. ಕ್ಯೂರಿಂಗ್ ವರ್ಕ್ಸಿನ ಎರಡನೆಯ ಸಂಪರ್ಕವನ್ನು ಮತ್ತೆ ಹಾಕಿದಳು. ಸ್ಕ್ರಿಪ್ಟ್ ಗುರುತು ಹಾಕಿದಾಗಲೆಲ್ಲ ಅದರ ಗುರುತು ಅಳಿಸಿ ಹಾಗೇ ಉಳಿಸಿಕೊಂಡಳು.

ಈ ವರ್ಷದ ಕುಯ್ಲಿನಲ್ಲಿ ದೋಣಿಗಲ್ ಬಳಿ ಮತ್ತೆ ಜೆಸಿಬಿ. ಲಾರಿಯಿಂದಲೇ ಕಂಡೆ, ಕೇಬಲ್ ಹರಿದು ಮಣ್ಣಿನ ಮೇಲೆ ಬಿದ್ದಿತ್ತು. ಹುಡುಗಿ ಬೆಂಗಳೂರಿಗೆ ಹೊರಟಳೆಂದೇ ಹೆದರಿ ಗೇಟಿಗೆ ಬಂದರೆ, ಲಾರಿಗಳು ಒಂದರ ಹಿಂದೊಂದು ಒಳಗೆ ಹೋಗುತ್ತಿದ್ದವು. ನನ್ನ ಚೀಟಿಯೂ ಬಂತು. ತೂಕದವನನ್ನು ಕೇಳಿದರೆ, ಏನ್ ತೊಂದ್ರೆ ಮಾರಾಯ, ಗಾಡಿ ಮುಂದಕ್ಕೆ ತಗೋ ಎಂದ.

ತಂಗಿಗೆ ಫೋನ್ ಮಾಡಿದೆ. "ಕೇಬಲ್ ಕಿತ್ತೋಗೈತೆ ಕಣೇ. ಆದ್ರೂ ಚೀಟಿ ಬಂತು."

"ಗೊತ್ತು ಕಣಣ್ಣ. ಆ ಖಾಲಿ ದಾರೀಲೇ ಬಂದಿದ್ದು."

ನನಗೆ ಹೆಮ್ಮೆಯಾಯಿತು. ಅವಳೇ ಮಾತು ಮುಂದುವರಿಸಿದಳು.

"ಕೇಬಲ್ ಕಿತ್ತೋಗೈತೆ ಅಂತ ಬೆಳಿಗ್ಗೆಯಿಂದ ಒಬ್ರೂ ಫೋನ್ ಮಾಡಿಲ್ಲ ಕಣಣ್ಣ, ಯಾರ್ಗೂ ಗೊತ್ತೇ ಆಗಿಲ್ಲ. ನೀನೇ ಮೊದ್ಲು."